ಸಣ್ಣ ಎಂಜಿನ್ನು ಪದೇ ಪದೇ ನಿಲ್ಲುವುದೇಕೆ?

(ಕೂಟದ ವಸಂತ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ಸಾಹಿತ್ಯ ಸಂಗೀತಗಳ ಮಾತಿಗೆ ಒಗ್ಗಿಹೋದ ಈ ವೇದಿಕೆಯಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಬಗ್ಗೆ ಮಾತನಾಡಬೇಕೆಂದು ಕೇಳಿದಾಗ ಸ್ವಲ್ಪ ಸಂಕೋಚವಾದದ್ದು ನಿಜ. ಆದರೆ ಅಮೆರಿಕದಲ್ಲಿ ಮನೆಮಾಡಿದ ನಮ್ಮಲ್ಲಿ ಬಹುಮಂದಿಯ ಗ್ಯಾರೇಜಿನಲ್ಲಿ ಒಂದು ಲಾನ್‌ಮೋವರ್, ಉತ್ತರದ ರಾಜ್ಯಗಳಲ್ಲಾದರೆ ಅದರ ಪಕ್ಕದಲ್ಲಿ ಹಿಮ ತಳ್ಳುವ ಯಂತ್ರ, ಈಚೆಗೆ ಅನೇಕರಲ್ಲಿ ಒಂದು ಜನರೇಟರ್ ಕೂಡ ಇರುತ್ತದೆ. ಮೂರಕ್ಕೂ ಜೀವಾಳವಾದದ್ದು ಒಂದೇ ಬಗೆಯ ಒಂಟಿ ಸಿಲಿಂಡರಿನ ಪುಟ್ಟ ಎಂಜಿನ್ನು. ಅಕ್ಟೋಬರಿನಲ್ಲಿ ಮೂಲೆಗೆ ತಳ್ಳಿದ ಮೋವರನ್ನು ಏಪ್ರಿಲಿನಲ್ಲಿ ಹೊರಗೆಳೆದು ಹಗ್ಗ ಜಗ್ಗಿದರೆ ಅದು ಒಮ್ಮೆ ಗುಡುಗಿ, ನಾಲ್ಕು ಕ್ಷಣ ಓಡಿ, ಸುಮ್ಮನಾಗಿಬಿಡುತ್ತದೆ. ಮತ್ತೆ ಎಳೆದರೆ ಮತ್ತೆ ಅದೇ ಕಥೆ. ಆಗ ಸಾಮಾನ್ಯವಾಗಿ ನಡೆಯುವುದೇನು? ಅಂಗಡಿಗೆ ಹೋಗಿ ಹೊಸ ಸ್ಪಾರ್ಕ್ ಪ್ಲಗ್ ತಂದು ಹಾಕುತ್ತೇವೆ. ಅದರಿಂದಲೂ ಗುಣ ಕಾಣದಿದ್ದರೆ ಯಂತ್ರವನ್ನು ರಸ್ತೆಯಂಚಿಗೆ ಇಟ್ಟು ಮುನ್ನೂರು ನಾನ್ನೂರು ಡಾಲರು ಕೊಟ್ಟು ಹೊಸದನ್ನು ತರುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಹಾಗೆ ಎಸೆಯಲ್ಪಟ್ಟ ಯಂತ್ರಗಳಲ್ಲಿ ಎಷ್ಟೋ ಯಂತ್ರಗಳ ರೋಗ ಒಂದು ಸಾಸಿವೆಕಾಳಿಗಿಂತ ಚಿಕ್ಕ ರಂಧ್ರದಲ್ಲಿ ಅಡಗಿರುತ್ತದೆ.

ಮೊದಲು ಒಂದು ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಎಷ್ಟು ಎಳೆದರೂ ಚಾಲೂ ಆಗದ ಎಂಜಿನ್ನು ಬೇರೆ, ಚಾಲೂ ಆಗಿ ನಿಂತುಹೋಗುವ ಎಂಜಿನ್ನು ಬೇರೆ. ಎರಡನೆಯದು ಹೆಚ್ಚು ಕಿರಿಕಿರಿ ಮಾಡುತ್ತದೆಯಾದರೂ ಅದರ ರೋಗವನ್ನು ಪತ್ತೆಹಚ್ಚುವುದು ಸುಲಭ. ಎಂಜಿನ್ನು ಓಡಲು ನಾಲ್ಕು ಅಂಶಗಳು ಕೂಡಬೇಕು: ಗಾಳಿ, ಪೆಟ್ರೋಲು, ಸರಿಯಾದ ವೇಳೆಗೆ ಒಂದು ಕಿಡಿ, ಸಿಲಿಂಡರಿನೊಳಗೆ ಸಾಕಷ್ಟು ಒತ್ತಡ. ಒಂದು ನಿಮಿಷವಾದರೂ ಓಡಿದ ಎಂಜಿನ್ನಿನಲ್ಲಿ ಆ ಒಂದು ನಿಮಿಷ ಈ ನಾಲ್ಕೂ ಇದ್ದವು ಎಂದಾಯಿತು. ಹಾಗಾದರೆ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಆ ಒಂದು ನಿಮಿಷದಲ್ಲಿ ಬದಲಾದದ್ದು ಯಾವುದು? ನಿಂತ ಬಗೆ, ನಿಲ್ಲಲು ಹಿಡಿದ ಹೊತ್ತು, ಮತ್ತೆ ಚಾಲೂ ಆಗಲು ಬೇಕಾದ ಹೊತ್ತು, ಈ ಮೂರನ್ನು ಗಮನಿಸಿದವನಿಗೆ ಉತ್ತರದ ಮುಕ್ಕಾಲು ಪಾಲು ದೊರೆತಂತೆ.

ನಮ್ಮಲ್ಲಿ ಅನೇಕರು ಎಂಜಿನ್ನಿನ ಮೊದಲ ಪಾಠವನ್ನು ಕಲಿತದ್ದು ಬಜಾಜ್ ಚೇತಕ್ ಸ್ಕೂಟರಿನ ಬಳಿಯಲ್ಲಿ. ಬೆಳಗಿನ ಚಳಿಯಲ್ಲಿ ಅದನ್ನು ಒಂದು ಪಕ್ಕಕ್ಕೆ ಓರೆಮಾಡಿ, ನೆಟ್ಟಗೆ ನಿಲ್ಲಿಸಿ, ಕಿಕ್ ಹೊಡೆಯುವ ವಿಧಿಯನ್ನು ಯಾರೂ ಮರೆತಿರಲಾರರು. ಪ್ಲಗ್ ಬಿಚ್ಚಿ ಮರಳುಕಾಗದದಿಂದ ಉಜ್ಜಿ ಹಾಕುವುದೂ ಆ ಕಾಲದ ಮನೆಮದ್ದು. ಎಲ್ಲ ರೋಗಕ್ಕೂ ಪ್ಲಗ್ಗೇ ಕಾರಣವೆಂಬ ನಂಬಿಕೆ ನಮಗೆ ಬಂದಿರುವುದು ಅಲ್ಲಿಂದಲೇ ಎಂದು ನನ್ನ ಗುಮಾನಿ. ಅಂದಿನ ಸ್ಕೂಟರಿಗೆ ಆ ನಂಬಿಕೆ ಸರಿಯೇ ಆಗಿತ್ತು. ಅದು ಎರಡು ಹೊಡೆತದ ಎಂಜಿನ್ನು. ಪೆಟ್ರೋಲಿನ ಜೊತೆಗೆ ಎಣ್ಣೆಯನ್ನೂ ಸುಡುತ್ತಿತ್ತು, ಪ್ಲಗ್ಗಿನ ತುದಿಗೆ ಮಸಿ ಕಟ್ಟುತ್ತಿತ್ತು. ಇಂದಿನ ಮೋವರುಗಳದು ನಾಲ್ಕು ಹೊಡೆತದ ಎಂಜಿನ್ನು. ಎಣ್ಣೆ ಕೆಳಗಿನ ತೊಟ್ಟಿಯಲ್ಲಿ ಪ್ರತ್ಯೇಕವಾಗಿರುತ್ತದೆ, ಪ್ಲಗ್ ಅಷ್ಟು ಬೇಗ ಕೆಡುವುದಿಲ್ಲ. ಇಲ್ಲಿ ಮೊದಲು ಸಂಶಯಿಸಬೇಕಾದದ್ದು ಕಾರ್ಬುರೇಟರನ್ನು.

ಕಾರ್ಬುರೇಟರ್ ಎಂಬ ಹೆಸರಿಗೆ ಹೆದರಬೇಕಾದ ಕಾರಣವಿಲ್ಲ. ಸೊಳ್ಳೆಗೆ ಔಷಧಿ ಹೊಡೆಯುತ್ತಿದ್ದ ಫ್ಲಿಟ್ ಪಂಪನ್ನು ನೆನಪಿಸಿಕೊಳ್ಳಿ. ಹಿಡಿಯನ್ನು ತಳ್ಳಿದಾಗ ಗಾಳಿ ಒಂದು ಕಿರುಗೊಳವೆಯ ಬಾಯಿಯ ಮೇಲೆ ರಭಸದಿಂದ ಹಾದುಹೋಗುತ್ತಿತ್ತು. ರಭಸದ ಗಾಳಿಯಲ್ಲಿ ಒತ್ತಡ ಕಡಮೆಯಾಗಿ, ಡಬ್ಬಿಯಲ್ಲಿನ ದ್ರವ ಕೊಳವೆಯಲ್ಲಿ ಮೇಲೇರಿ ತುಂತುರಾಗುತ್ತಿತ್ತು. ಕಾರ್ಬುರೇಟರಿನ ಕೆಲಸವೂ ಇದೇ. ಪಿಸ್ಟನ್ ಕೆಳಗಿಳಿಯುವಾಗ ಗಾಳಿಯನ್ನು ಒಳಗೆಳೆಯುತ್ತದೆ. ಗಾಳಿ ಹಾದುಬರುವ ದಾರಿಯನ್ನು ನಡುವೆ ಕಿರಿದು ಮಾಡಿರುವುದರಿಂದ ಅಲ್ಲಿ ಅದರ ವೇಗ ಹೆಚ್ಚುತ್ತದೆ, ಕೆಳಗಿನ ಬಟ್ಟಲಿನಿಂದ ಪೆಟ್ರೋಲು ಮೇಲೆದ್ದು ಅದರಲ್ಲಿ ಬೆರೆಯುತ್ತದೆ. ಬಟ್ಟಲಿನಲ್ಲಿ ಪೆಟ್ರೋಲಿನ ಮಟ್ಟವನ್ನು ಕಾಯಲು ಒಂದು ತೇಲುಗುಂಡು ಉಂಟು. ಊರಿನ ಮನೆಗಳ ತಾರಸಿಯ ನೀರಿನ ಟ್ಯಾಂಕಿನಲ್ಲಿರುವಂತಹುದೇ. ಬಟ್ಟಲು ತುಂಬಿದರೆ ಅದು ಮೇಲೆದ್ದು ಸೂಜಿಯೊಂದನ್ನು ಒತ್ತಿ ಬಾಗಿಲು ಮುಚ್ಚುತ್ತದೆ, ಇಳಿದರೆ ತೆರೆಯುತ್ತದೆ.

ಬಟ್ಟಲಿನಿಂದ ಮೇಲೇರುವ ಪೆಟ್ರೋಲನ್ನು ಅಳೆದು ಬಿಡುವ ರಂಧ್ರಕ್ಕೆ ಜೆಟ್ ಎಂದು ಹೆಸರು. ಮೋವರಿನ ಮುಖ್ಯ ಜೆಟ್ಟಿನ ಅಗಲ ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತಲೂ ಕಡಮೆ. ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನ್ನು ಸೆಕೆಂಡಿಗೆ 25 ಬಾರಿ ಉಸಿರೆಳೆದುಕೊಳ್ಳುತ್ತದೆ. ಪ್ರತಿ ಉಸಿರಿನಲ್ಲೂ ತೂಕದ ಲೆಕ್ಕದಲ್ಲಿ ಸುಮಾರು 15 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲು ಸೇರಬೇಕು. ಇಷ್ಟು ನಾಜೂಕಾದ ಅಳತೆಯನ್ನು ಕಾಯುವ ರಂಧ್ರದ ಅಂಚಿನಲ್ಲಿ ಒಂದಿಷ್ಟು ಅಂಟು ಕಟ್ಟಿಕೊಂಡರೆ ಏನಾದೀತೆಂಬುದನ್ನು ಊಹಿಸಬಹುದು. ಮಿಶ್ರಣ ತೆಳುವಾಗುತ್ತದೆ. ಎಂಜಿನ್ನು ಹಸಿವಿನಿಂದ ನಿಲ್ಲುತ್ತದೆ.

ಈ ಅಂಟು ಎಲ್ಲಿಂದ ಬರುತ್ತದೆ? ಇಲ್ಲಿನವರು ಗ್ಯಾಸ್ ಎನ್ನುವ ಪೆಟ್ರೋಲು ಹಳಸುವ ವಸ್ತು. ಸಂಡಿಗೆ ಹಪ್ಪಳದಂತೆ ಡಬ್ಬಿಯಲ್ಲಿ ತುಂಬಿಟ್ಟು ಬೇಕಾದಾಗ ತೆಗೆಯುವಂತಹುದಲ್ಲ. ಬೇಗ ಆವಿಯಾಗುವ ಹಗುರವಾದ ಅಂಶಗಳು ಮೊದಲು ಹಾರಿಹೋಗುತ್ತವೆ. ಎಂಜಿನ್ನು ತಣ್ಣಗಿರುವಾಗ ಹೊತ್ತಿಕೊಳ್ಳಲು ಸಹಾಯಮಾಡುವುದು ಅವೇ. ಉಳಿದದ್ದು ಗಾಳಿಯ ಆಮ್ಲಜನಕದೊಡನೆ ಕೂಡಿ ಕಂದುಬಣ್ಣದ ಮೆರುಗೆಣ್ಣೆಯಂತೆ ಬಟ್ಟಲಿನ ತಳಕ್ಕೂ ಜೆಟ್ಟಿನ ಗೋಡೆಗೂ ಅಂಟಿಕೊಳ್ಳುತ್ತದೆ. ಏನೂ ಬೆರೆಸದೆ ಇಟ್ಟ ಪೆಟ್ರೋಲನ್ನು 30 ದಿನಗಳ ನಂತರ ಬಳಸಬೇಡಿರೆಂದು ಎಂಜಿನ್ ತಯಾರಕರು ಹೇಳುವುದು ಇದರಿಂದಲೇ. ಅಕ್ಟೋಬರಿನಿಂದ ಏಪ್ರಿಲಿಗೆ ಎಷ್ಟು ದಿನಗಳಾದವು ಎಂಬ ಲೆಕ್ಕವನ್ನು ತಮಗೇ ಬಿಡುತ್ತೇನೆ.

ಇದರ ಜೊತೆಗೆ ಎಥನಾಲಿನ ಪ್ರಶ್ನೆ ಇದೆ. ಇಲ್ಲಿನ ಬಂಕುಗಳಲ್ಲಿ ದೊರೆಯುವ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡ 10ರಷ್ಟು ಎಥನಾಲ್, ಅಂದರೆ ಮದ್ಯಸಾರ, ಬೆರೆತಿರುತ್ತದೆ. ಮದ್ಯಸಾರಕ್ಕೆ ನೀರನ್ನು ಸೆಳೆದುಕೊಳ್ಳುವ ಗುಣವಿದೆ. ಗಾಳಿಯಲ್ಲಿನ ತೇವವನ್ನು ಅದು ಹೀರುತ್ತ ಹೋಗುತ್ತದೆ. ನೀರು ಸುಮಾರು ಶೇಕಡ ಅರ್ಧದಷ್ಟಾದಾಗ, ಚಳಿಯಲ್ಲಾದರೆ ಅದಕ್ಕೂ ಮೊದಲೇ, ಮದ್ಯಸಾರವೂ ನೀರೂ ಜೊತೆಗೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಎಂಜಿನ್ನಿಗೆ ಪೆಟ್ರೋಲು ಹೋಗುವುದು ತಳದಿಂದಲೇ ಆದ್ದರಿಂದ ಅದರ ಪಾಲಿಗೆ ದೊರೆಯುವುದು ಈ ಹೊತ್ತಿಕೊಳ್ಳದ ಬಗ್ಗಡ. ಶೇಕಡ 15 ಎಥನಾಲಿನ ಪೆಟ್ರೋಲಿಗೆ 2010 ಮತ್ತು 2011ರಲ್ಲಿ ಇಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಅನುಮತಿ ನೀಡಿದ್ದು 2001 ಮತ್ತು ಆನಂತರದ ಕಾರುಗಳಿಗೆ ಮಾತ್ರ. ಮೋವರ್, ಜನರೇಟರುಗಳಿಗೆ ಅದನ್ನು ತುಂಬುವುದು ನಿಷಿದ್ಧ. ಪಂಪಿನ ಮೇಲೆ ಹಾಗೆಂದು ಚೀಟಿ ಅಂಟಿಸಿರುತ್ತಾರೆ. ಬೆಲೆ ಕೆಲವು ಸೆಂಟು ಕಡಮೆಯೆಂದು ಆ ಚೀಟಿಯನ್ನು ಓದದೆ ತುಂಬಿಸಿಕೊಳ್ಳುವವರೂ ಇದ್ದಾರೆ. ಇದು ಊರಿಗೂ ಈಗ ಹೊರತಲ್ಲ. ಭಾರತದಲ್ಲಿ ಶೇಕಡ 20 ಎಥನಾಲಿನ ಪೆಟ್ರೋಲಿಗೆ 2023ರ ಫೆಬ್ರವರಿ 6ರಂದು ಚಾಲನೆ ದೊರೆತದ್ದು ಬೆಂಗಳೂರಿನಲ್ಲಿಯೇ. ಮಲೆನಾಡಿನ ತೋಟಗಳಲ್ಲಿ ಕಳೆ ಕೊಚ್ಚುವ ಯಂತ್ರವನ್ನು ಬಳಸುವ ನೆಂಟರಿದ್ದರೆ, ಮಳೆಗಾಲದಲ್ಲಿ ಅದರ ಟ್ಯಾಂಕಿನಲ್ಲಿ ಪೆಟ್ರೋಲು ಬಿಡಬಾರದೆಂದು ಮುಂದಿನ ಬಾರಿ ದೂರವಾಣಿಯಲ್ಲಿ ಮಾತನಾಡುವಾಗ ತಿಳಿಸಬಹುದು.

ಇನ್ನು ರೋಗಲಕ್ಷಣಗಳಿಗೆ ಬರೋಣ.

ಎಂಜಿನ್ನು ನಿಲ್ಲುವಾಗ ಕಿವಿಗೊಟ್ಟು ಕೇಳಿ. ಸ್ವಿಚ್ ಆರಿಸಿದಂತೆ ಥಟ್ಟನೆ ನಿಂತಿತೆ? ಸಂಶಯ ಕಿಡಿಯ ಕಡೆಗೆ. ಏದುಸಿರು ಬಿಡುತ್ತ, ಕೆಮ್ಮುತ್ತ, ಕುಗ್ಗುತ್ತ ನಿಂತಿತೆ? ಸಂಶಯ ಪೆಟ್ರೋಲಿನ ಕಡೆಗೆ. ನಿಂತೊಡನೆ ಪ್ಲಗ್ ಬಿಚ್ಚಿ ನೋಡಿದರೆ ಎರಡನೆಯ ಸಾಕ್ಷಿ ದೊರೆಯುತ್ತದೆ. ಕೈ ಸುಡದಂತೆ ಮಾತ್ರ ಎಚ್ಚರವಿರಲಿ. ತುದಿ ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ. ಪೆಟ್ರೋಲಿನಿಂದ ತೊಯ್ದಿದ್ದರೆ ಪೆಟ್ರೋಲು ಬಂದಿದೆ, ಹೊತ್ತಿಸುವವರಿಲ್ಲ. ಇಲ್ಲವೆ ಅಗತ್ಯಕ್ಕಿಂತ ಹೆಚ್ಚಾಗಿ ಬಂದಿದೆ. ಒಣ ಕರಿಮಸಿ ಕಟ್ಟಿದ್ದರೆ ಗಾಳಿ ಸಾಲುತ್ತಿಲ್ಲ: ಗಾಳಿಶೋಧಕ ಧೂಳು ತುಂಬಿ ಮುಚ್ಚಿರಬಹುದು, ಅಥವಾ ಚೋಕ್ ಪೂರ್ತಿ ತೆರೆಯದೆ ಸಿಕ್ಕಿಕೊಂಡಿರಬಹುದು. ತಿಳಿಕಂದು ಬಣ್ಣವಿದ್ದರೆ ಆ ಪ್ಲಗ್ಗನ್ನು ಅದರ ಪಾಡಿಗೆ ಬಿಡಿ, ಅದರ ಮೇಲೆ ಆರೋಪವಿಲ್ಲ.

ಚಾಲೂ ಆಗಿ ಐದು ಹತ್ತು ಸೆಕೆಂಡಿನಲ್ಲಿಯೇ ನಿಲ್ಲುವ ಎಂಜಿನ್ನು ಎಲ್ಲಕ್ಕಿಂತ ಸಾಮಾನ್ಯವಾದದ್ದು. ರಬ್ಬರಿನ ಗುಂಡಿಯನ್ನು ಮೂರು ಬಾರಿ ಒತ್ತಿ ಒಳಗೆ ಕಳುಹಿಸಿದ ಪೆಟ್ರೋಲು ಅಥವಾ ಚೋಕಿನಿಂದ ಎಳೆದುಕೊಂಡ ಮೊದಲ ಗುಟುಕು ಮುಗಿಯುವವರೆಗೆ ಅದು ಓಡುತ್ತದೆ. ಅಷ್ಟು ಓಡಿತೆಂದರೆ ಕಿಡಿಯೂ ಒತ್ತಡವೂ ಚೆನ್ನಾಗಿವೆ ಎಂದರ್ಥ. ಇಲ್ಲಿ ಹೊಸ ಪ್ಲಗ್ ಕೊಳ್ಳುವುದು ದುಡ್ಡು ಕಳೆದುಕೊಳ್ಳುವ ದಾರಿ. ಇದರ ಸೋದರಸಂಬಂಧಿ ಇನ್ನೊಂದು ಲಕ್ಷಣ: ಎಂಜಿನ್ನಿನ ಸದ್ದು ಉಯ್ಯಾಲೆಯಂತೆ ಏರುವುದು, ಇಳಿಯುವುದು, ಮತ್ತೆ ಏರುವುದು, ಕೊನೆಗೊಮ್ಮೆ ಇಳಿದದ್ದು ಏಳದೇ ಹೋಗುವುದು. ಎಂಜಿನ್ನಿನ ವೇಗವನ್ನು ಕಾಯುವ ಗವರ್ನರ್ ಎಂಬ ಸಾಧನವಿದೆ. ವೇಗ ಕುಂದಿದರೆ ಅದು ಗಾಳಿಬಾಗಿಲನ್ನು ಅಗಲಿಸುತ್ತದೆ, ಹೆಚ್ಚಿದರೆ ಕಿರಿದುಮಾಡುತ್ತದೆ. ಮಿಶ್ರಣ ತೆಳುವಾಗಿದ್ದಾಗ ವೇಗ ಕುಂದುತ್ತದೆ, ಗವರ್ನರ್ ಬಾಗಿಲು ತೆರೆಯುತ್ತದೆ, ಎಂಜಿನ್ನು ಹಾರಿ ಮುಂದೆ ಹೋಗುತ್ತದೆ, ಅದು ಮತ್ತೆ ಮುಚ್ಚುತ್ತದೆ. ಗವರ್ನರ್ ಕೆಟ್ಟಿತೆಂದು ಭಾವಿಸಿ ಅದರ ಸ್ಪ್ರಿಂಗನ್ನು ಎಳೆದು ಬಗ್ಗಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಸ್ಪ್ರಿಂಗ್ ತಪ್ಪಿದರೆ ಎಂಜಿನ್ನು ಮಿತಿಮೀರಿದ ವೇಗದಲ್ಲಿ ತಿರುಗಿ ಒಡೆಯಬಹುದು.

ತೆಳುಮಿಶ್ರಣವೇ ರೋಗವೆಂದು ಖಚಿತಪಡಿಸಿಕೊಳ್ಳುವ ಪರೀಕ್ಷೆಗೆ ಕಾಸಿನ ಖರ್ಚಿಲ್ಲ. ಎಂಜಿನ್ನು ಸಾಯತೊಡಗಿದಾಗ ಚೋಕನ್ನು ಅರ್ಧ ಮುಚ್ಚಿ. ಚೋಕ್ ಗಾಳಿಯನ್ನು ತಡೆದು ಪೆಟ್ರೋಲನ್ನು ಹೆಚ್ಚು ಎಳೆಸುತ್ತದೆ. ಆಗ ಎಂಜಿನ್ನು ಚೇತರಿಸಿಕೊಂಡು ಸಮವಾಗಿ ಓಡಿದರೆ ತೀರ್ಪು ಬಂದಂತೆಯೇ: ಜೆಟ್ ಭಾಗಶಃ ಮುಚ್ಚಿದೆ, ಅಥವಾ ಕಾರ್ಬುರೇಟರಿಗೂ ಎಂಜಿನ್ನಿಗೂ ನಡುವಿನ ಗ್ಯಾಸ್ಕೆಟ್ ಸೀಳಿ ಬೇಡದ ಗಾಳಿ ನುಗ್ಗುತ್ತಿದೆ. ಚೋಕ್ ಹಾಕಿಯೇ ಇಡೀ ಬೇಸಿಗೆ ಹುಲ್ಲು ಕತ್ತರಿಸಿದ ಮಹನೀಯರನ್ನೂ ಬಲ್ಲೆ. ಓಡುವುದೇನೋ ಓಡುತ್ತದೆ, ಆದರೆ ಗುಣಪಡಿಸಲು ಅರ್ಧ ಗಂಟೆ ಸಾಕಾಗಿದ್ದ ರೋಗಕ್ಕೆ ವರ್ಷಪೂರ್ತಿ ಊರುಗೋಲು ಕೊಟ್ಟಂತೆ.

ಆ ಅರ್ಧ ಗಂಟೆಯ ಕೆಲಸವನ್ನು ವಿವರಿಸುತ್ತೇನೆ. ಮೊದಲನೆಯದಾಗಿ ಪ್ಲಗ್ಗಿನ ತಂತಿಯನ್ನು ಕಿತ್ತು ದೂರ ಕಟ್ಟಿಡಿ. ಬ್ಲೇಡನ್ನು ಕೈಯಿಂದ ತಿರುಗಿಸಿದರೂ ಎಂಜಿನ್ನು ಹೊತ್ತಿಕೊಳ್ಳಬಹುದೆಂಬುದನ್ನು ಮರೆಯಬಾರದು. ಕೆಲಸವನ್ನು ಬಯಲಿನಲ್ಲಿ ಮಾಡತಕ್ಕದ್ದು. ಅನೇಕ ಮನೆಗಳಲ್ಲಿ ನೀರು ಕಾಯಿಸುವ ಅನಿಲದ ಬಾಯ್ಲರ್ ಗ್ಯಾರೇಜಿನಲ್ಲಿಯೇ ಇರುತ್ತದೆ. ಅದರೊಳಗಿನ ಪುಟ್ಟ ಜ್ವಾಲೆಗೆ ನೆಲದ ಮೇಲೆ ಹರಡುವ ಪೆಟ್ರೋಲಿನ ಆವಿ ತಲುಪಿದರೆ ಅನಾಹುತ. ಟ್ಯಾಂಕಿನ ಹಳೆಯ ಪೆಟ್ರೋಲನ್ನು ಡಬ್ಬಿಗೆ ಇಳಿಸಿ. ಕಾರ್ಬುರೇಟರಿನ ಬಟ್ಟಲನ್ನು ಹಿಡಿದಿರುವ ಒಂದೇ ಬೋಲ್ಟನ್ನು ಸಡಿಲಿಸಿ, ಬೀಳುವ ಪೆಟ್ರೋಲನ್ನು ಗಾಜಿನ ಶೀಶೆಯಲ್ಲಿ ಹಿಡಿದು ಬೆಳಕಿಗೆ ಎತ್ತಿನೋಡಿ. ತಳದಲ್ಲಿ ನೀರಿನ ಮಣಿಗಳೋ ಬೇರೆಯಾದ ಒಂದು ಪದರವೋ ಕಂಡರೆ ಕಾರಣ ಕಣ್ಣೆದುರಿಗೇ ಇದೆ. ಕೆಲವು ಮಾದರಿಗಳಲ್ಲಿ ಆ ಬೋಲ್ಟಿನ ಮೈಯಲ್ಲಿಯೇ ಜೆಟ್ಟಿನ ರಂಧ್ರವಿರುತ್ತದೆ, ಇನ್ನು ಕೆಲವಲ್ಲಿ ನಡುವಿನ ಕಂಬದೊಳಗೆ. ಕಾರ್ಬುರೇಟರ್ ತೊಳೆಯುವ ದ್ರವದ ಸ್ಪ್ರೇ ಹೊಡೆದು, ವಿದ್ಯುತ್ ತಂತಿಯ ಒಂದೇ ಎಳೆಯ ತಾಮ್ರವನ್ನು ರಂಧ್ರದಲ್ಲಿ ಹಾಯಿಸಿ, ಆಚೆಯ ಬೆಳಕು ದುಂಡಗೆ ಕಾಣುವವರೆಗೆ ಬಿಡಿಸಬೇಕು. ಉಕ್ಕಿನ ಸೂಜಿ, ಡ್ರಿಲ್ ಮುಂತಾದವುಗಳನ್ನು ಹತ್ತಿರ ತರಬಾರದು. ರಂಧ್ರ ಕೂದಲೆಳೆಯಷ್ಟು ಅಗಲವಾದರೂ ಅಳತೆ ಕೆಟ್ಟಂತೆಯೇ. ಸ್ಪ್ರೇ ಎಲ್ಲಿಂದಲೋ ಹೊಕ್ಕು ಇನ್ನೆಲ್ಲಿಂದಲೋ ಚಿಮ್ಮುವುದರಿಂದ ಕಣ್ಣಿಗೆ ರಕ್ಷಣೆ ಇರಲಿ. ಬಟ್ಟಲನ್ನು ಒರೆಸಿ ಹಿಂದಿನಂತೆ ಕೂರಿಸಿ, ಹೊಸ ಪೆಟ್ರೋಲು ತುಂಬಿ, ಹಗ್ಗ ಎಳೆಯಿರಿ. ಬಟ್ಟಲು ತುಂಬುವವರೆಗೆ ಒಂದೆರಡು ನಿಮಿಷ ತಾಳ್ಮೆ ಬೇಕು. ಹದಿಹರೆಯದ ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾಡಲು ಇದಕ್ಕಿಂತ ಒಳ್ಳೆಯ ಕೆಲಸ ಅಪರೂಪ. ಶಾಲೆಯಲ್ಲಿ ಓದಿದ ಬರ್ನೌಲಿಯ ತತ್ವ ಅವರ ಅಂಗೈಯಲ್ಲಿ ಪೆಟ್ರೋಲಿನ ವಾಸನೆಯೊಡನೆ ಕುಳಿತಿರುತ್ತದೆ.

ಯಂತ್ರವನ್ನು ವಾಲಿಸಬೇಕಾಗಿ ಬಂದರೆ ಕಾರ್ಬುರೇಟರ್, ಗಾಳಿಶೋಧಕಗಳಿರುವ ಪಕ್ಕ ಮೇಲಾಗಿರಲಿ. ಉಲ್ಟಾ ವಾಲಿಸಿದರೆ ತೊಟ್ಟಿಯ ಎಣ್ಣೆ ಗಾಳಿಶೋಧಕವನ್ನು ತೋಯಿಸಿ, ಬಿಳಿಹೊಗೆಯೊಡನೆ ಹೊಸದೊಂದು ನಿಲುಗಡೆಗೆ ಕಾರಣವಾಗುತ್ತದೆ.

ಈಗ ಇನ್ನೊಂದು ಸ್ವಾರಸ್ಯದ ಲಕ್ಷಣ. ಎಂಜಿನ್ನು ಹದಿನೈದು ಇಪ್ಪತ್ತು ನಿಮಿಷ ಚೆನ್ನಾಗಿ ಓಡಿ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಚಾಲೂ ಆಗುತ್ತದೆ. ಇದಕ್ಕೆ ಎರಡು ಮುಖ್ಯ ಕಾರಣಗಳುಂಟು, ಎರಡೂ ಮೇಲುನೋಟಕ್ಕೆ ಒಂದೇ ತೆರನಾಗಿ ಕಾಣುತ್ತವೆ. ಒಂದು, ಟ್ಯಾಂಕಿನ ಮುಚ್ಚಳದಲ್ಲಿನ ಗಾಳಿರಂಧ್ರ ಧೂಳಿನಿಂದ ಮುಚ್ಚಿಕೊಂಡಿರುವುದು. ಪೆಟ್ರೋಲು ಕೆಳಗಿಳಿದಂತೆಲ್ಲ ಅದರ ಜಾಗಕ್ಕೆ ಗಾಳಿ ಬರಬೇಕು. ಬರದಿದ್ದರೆ ಒಳಗೆ ನಿರ್ವಾತ ಬೆಳೆದು ಪೆಟ್ರೋಲು ಇಳಿಯುವುದೇ ನಿಲ್ಲುತ್ತದೆ. ತುಂಬಿದ ತಂಬಿಗೆಯ ಬಾಯಿಯನ್ನು ಅಂಗೈಯಿಂದ ಮುಚ್ಚಿ ಬೋರಲು ಹಿಡಿದಂತೆ. ಇನ್ನೊಂದು, ಕಿಡಿ ಹುಟ್ಟಿಸುವ ಕಾಯಿಲ್ ಬಿಸಿಯಾದಾಗ ಸೋಲುವುದು. ಈ ಎಂಜಿನ್ನುಗಳಲ್ಲಿ ಕಿಡಿಗೆ ಬ್ಯಾಟರಿ ಬೇಕಿಲ್ಲ. ಫ್ಲೈವೀಲಿನಲ್ಲಿ ಕೂರಿಸಿದ ಅಯಸ್ಕಾಂತ ಕಾಯಿಲಿನ ಮುಂದೆ ಹಾದುಹೋಗುವಾಗ ವಿದ್ಯುತ್ತು ಹುಟ್ಟುತ್ತದೆ. ಕಾಯಿಲಿನೊಳಗಿನ ಕೂದಲಿನಷ್ಟು ಸಣ್ಣ ತಂತಿಯಲ್ಲಿ ಬಿರುಕಿದ್ದರೆ, ಬಿಸಿಗೆ ಹಿಗ್ಗಿ ಸಂಪರ್ಕ ತಪ್ಪುತ್ತದೆ, ತಣ್ಣಗಾದಾಗ ಮತ್ತೆ ಕೂಡಿಕೊಳ್ಳುತ್ತದೆ. ಎರಡರ ಭೇದವನ್ನು ತಿಳಿಯಲು, ನಿಂತೊಡನೆ ಟ್ಯಾಂಕಿನ ಮುಚ್ಚಳವನ್ನು ಸಡಿಲಿಸಿ. ಉಸ್ ಎಂಬ ಸದ್ದಿನೊಡನೆ ಗಾಳಿ ಒಳನುಗ್ಗಿ, ಎಂಜಿನ್ನು ಬೇಗನೆ ಚಾಲೂ ಆದರೆ ದೋಷ ಮುಚ್ಚಳದ್ದು. ಮುಚ್ಚಳ ತೆರೆದರೂ ಜಪ್ಪಯ್ಯ ಎನ್ನದೆ, ಅರ್ಧ ಗಂಟೆ ತಣಿದ ಮೇಲೆಯೇ ಓಡಿದರೆ ಕಾಯಿಲನ್ನು ಶಂಕಿಸಬೇಕು. ಆಗ ಅಂಗಡಿಯಲ್ಲಿ ಸಿಗುವ ಕಿಡಿಪರೀಕ್ಷಕವನ್ನು ಬಿಸಿ ಇರುವಾಗಲೇ ಜೋಡಿಸಿ ನೋಡುವುದು ಸರಿಯಾದ ಕ್ರಮ. ತಣ್ಣಗಾದ ಮೇಲೆ ಪರೀಕ್ಷಿಸಿ ಕಿಡಿ ಚೆನ್ನಾಗಿದೆ ಎಂದುಕೊಂಡರೆ ಮೋಸಹೋದಂತೆ. ಹೊಸ ಕಾಯಿಲನ್ನು ಕೂರಿಸುವಾಗ ಅದಕ್ಕೂ ಫ್ಲೈವೀಲಿಗೂ ನಡುವೆ ಸುಮಾರು ಕಾಲು ಮಿಲಿಮೀಟರು ಅಂತರವಿರಬೇಕು. ಒಂದು ವಿಸಿಟಿಂಗ್ ಕಾರ್ಡನ್ನು ನಡುವೆ ಸಿಕ್ಕಿಸಿ ಸ್ಕ್ರೂ ಬಿಗಿಯುವುದು ಎಲ್ಲರೂ ಅನುಸರಿಸುವ ಉಪಾಯ. ವಾಲ್ವುಗಳ ಅಂತರ ಕಡಮೆಯಾಗಿ ಬಿಸಿಯಲ್ಲಿ ಒತ್ತಡ ಸೋರಿಯೂ ಹೀಗಾಗುವುದುಂಟು. ಅದು ಅಪರೂಪ, ಬಲ್ಲವರ ಕೈಗೆ ಕೊಡುವುದೇ ಲೇಸು.

ಎತ್ತರದ ಒದ್ದೆ ಹುಲ್ಲಿನಲ್ಲಿ ಮಾತ್ರ ನಿಲ್ಲುವ ಯಂತ್ರದಲ್ಲಿ ದೋಷವಿರಲೇಬೇಕೆಂದಿಲ್ಲ. ಕೆಳಗಿನ ತಗಡಿನಲ್ಲಿ ಮೆತ್ತಿದ ಹುಲ್ಲನ್ನು ಕೆರೆದು, ಬ್ಲೇಡನ್ನು ಸಾಣೆಹಿಡಿದು, ಚಕ್ರಗಳನ್ನು ಒಂದು ಹಂತ ಮೇಲಕ್ಕೆ ಎತ್ತಿ ನೋಡಿ. ಬ್ಲೇಡು ಕಲ್ಲಿಗೋ ಮರದ ಬೇರಿಗೋ ಬಡಿದ ದಿನದಿಂದ ತೊಂದರೆ ಆರಂಭವಾಗಿದ್ದರೆ ಮಾತ್ರ ಬೇರೆ ವಿಚಾರ: ಫ್ಲೈವೀಲನ್ನು ಅದರ ಸ್ಥಾನದಲ್ಲಿ ಹಿಡಿದಿರುವ ಮೆದುಲೋಹದ ಪುಟ್ಟ ಕೀಲಿ ತುಂಡಾಗಿ ಕಿಡಿಯ ವೇಳೆ ತಪ್ಪಿರಬಹುದು. ಕೀಲಿಯ ಬೆಲೆ ಕೆಲವೇ ಡಾಲರು.

ಹಿಡಿಯ ಮೇಲಿನ ಅಡ್ಡಕಂಬಿಯನ್ನೂ ಮರೆಯಬಾರದು. ಕೈಬಿಟ್ಟ 3 ಸೆಕೆಂಡಿನೊಳಗೆ ಬ್ಲೇಡು ನಿಲ್ಲಬೇಕೆಂಬ ನಿಯಮ ಅಮೆರಿಕದಲ್ಲಿ 1982ರಿಂದ ಜಾರಿಯಲ್ಲಿದೆ. ಆ ಕಂಬಿಯ ಕೇಬಲ್ ವರ್ಷಗಳ ಬಳಕೆಯಿಂದ ಸಡಿಲವಾದರೆ, ನಾವು ಹಿಡಿದಿದ್ದರೂ ಬಿಟ್ಟಿದ್ದೇವೆಂದು ಯಂತ್ರ ಭಾವಿಸಿ ನಡುನಡುವೆ ನಿಲ್ಲುತ್ತದೆ. ಕೇಬಲನ್ನು ಬಿಗಿಗೊಳಿಸಬೇಕು. ಕಂಬಿಯನ್ನು ಹಗ್ಗದಿಂದ ಶಾಶ್ವತವಾಗಿ ಕಟ್ಟಿಬಿಡುವ ಜಾಣತನ ಬೇಡ; ಕಾಲ್ಬೆರಳುಗಳನ್ನು ಕಾಯಲೆಂದೇ ಆ ನಿಯಮ ಬಂದದ್ದು.

ಇಲ್ಲಿಂದ ನಾನು ಜನರೇಟರಿನ ಮಾತಿಗೆ ಬರಲೇಬೇಕು. ಮೋವರ್ ನಿಂತರೆ ಹುಲ್ಲು ಬೆಳೆಯುತ್ತದೆ, ಅಷ್ಟೆ. ಚಂಡಮಾರುತವೋ ಹಿಮಗಾಳಿಯೋ ಬಂದು ವಿದ್ಯುತ್ತು ಹೋದ ರಾತ್ರಿ, ಮನೆಯಲ್ಲಿ ಊರಿನಿಂದ ಬಂದ ವಯಸ್ಸಾದ ತಂದೆತಾಯಿಗಳಿರುವಾಗ, ಜನರೇಟರ್ ಮೂರು ಮೂರು ಬಾರಿ ನಿಂತರೆ ಮನುಷ್ಯ ವಿವೇಕ ಕಳೆದುಕೊಳ್ಳುತ್ತಾನೆ. ಸೊನ್ನೆಯಿಂದ ಹತ್ತು ಡಿಗ್ರಿ ಸೆಲ್ಸಿಯಸ್ಸಿನ ತೇವದ ಗಾಳಿಯಲ್ಲಿ ಕಾರ್ಬುರೇಟರಿನ ಕಿರಿದಾದ ದಾರಿಯಲ್ಲಿ ಮಂಜುಗಡ್ಡೆ ಕಟ್ಟಿ ಎಂಜಿನ್ನು ನಿಲ್ಲುವುದುಂಟು. ಪೆಟ್ರೋಲು ಆವಿಯಾಗುವಾಗ ಶಾಖವನ್ನು ಹೀರುವುದರಿಂದ ಒಳಗಿನ ಉಷ್ಣತೆ ಹೊರಗಿನದಕ್ಕಿಂತ ಬಹಳ ಕೆಳಗಿಳಿಯುತ್ತದೆ. "ಹೊರಗೆ ಚಳಿ, ಅದಕ್ಕೇ ನಿಲ್ಲುತ್ತಿದೆ, ಗ್ಯಾರೇಜಿನೊಳಗೆ ಇಟ್ಟು ಬಾಗಿಲು ಅರ್ಧ ತೆರೆದಿಟ್ಟರಾಯಿತು" ಎಂಬ ಆಲೋಚನೆ ಹುಟ್ಟುವುದು ಆಗಲೇ. ಕಾರಣವನ್ನು ಸರಿಯಾಗಿಯೇ ಊಹಿಸಿ, ಪರಿಹಾರವನ್ನು ಪ್ರಾಣಕ್ಕೇ ಎರವಾಗುವಂತೆ ಆರಿಸಿಕೊಂಡ ಹಾಗಾಯಿತು.

ಒಂದು ಜನರೇಟರ್ ನೂರಾರು ಕಾರುಗಳಷ್ಟು ಕಾರ್ಬನ್ ಮಾನಾಕ್ಸೈಡ್ ಅನಿಲವನ್ನು ಉಗುಳಬಲ್ಲದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತ ಆಮ್ಲಜನಕವನ್ನು ಬಿಟ್ಟು ಅದನ್ನೇ ಅಪ್ಪಿಕೊಳ್ಳುತ್ತದೆ. ತಲೆನೋವು, ಓಕರಿಕೆ, ಆಮೇಲೆ ನಿದ್ರೆ, ಮಲಗಿದವರು ಏಳುವುದಿಲ್ಲ. ಜನರೇಟರಿನ ಈ ವಿಷಾನಿಲದಿಂದ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 100 ಮಂದಿ ಸಾಯುತ್ತಾರೆಂದು ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಹೇಳುತ್ತದೆ. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಟೆಕ್ಸಾಸ್ ಕತ್ತಲಾದಾಗ, ಬೆಚ್ಚಗಿರಲೆಂದು ಗ್ಯಾರೇಜಿನಲ್ಲಿ ಕಾರು ಓಡಿಸಿದವರೂ ಒಳಗೆ ಜನರೇಟರ್ ಇಟ್ಟವರೂ ಈ ಅನಿಲಕ್ಕೆ ತುತ್ತಾದರು. ಆಯೋಗದ ಸೂಚನೆ ಸ್ಪಷ್ಟವಾಗಿದೆ: ಮನೆಯಿಂದ ಕನಿಷ್ಠ 20 ಅಡಿ ದೂರ, ಹೊಗೆಕೊಳವೆ ಮನೆಗೆ ಬೆನ್ನುಮಾಡಿ. ಬಾಗಿಲು ಅರ್ಧ ತೆರೆದಿರುವುದು ಲೆಕ್ಕಕ್ಕೆ ಬರುವುದಿಲ್ಲ. ಮನೆಯೊಳಗೆ ಬ್ಯಾಟರಿಯಿಂದ ನಡೆಯುವ ಎಚ್ಚರಿಕೆಯ ಗಂಟೆಯೂ ಇರಬೇಕು.

ಜನರೇಟರ್ ನಿಲ್ಲಲು ಇನ್ನೆರಡು ಕಾರಣಗಳಿವೆ, ಇವು ರೋಗವಲ್ಲ. ಎಣ್ಣೆಯ ಮಟ್ಟ ಇಳಿದಾಗ ಎಂಜಿನ್ನನ್ನು ತಾನಾಗಿಯೇ ನಿಲ್ಲಿಸುವ ಸಾಧನ ಹಲವು ಮಾದರಿಗಳಲ್ಲಿದೆ. ಇಳಿಜಾರು ನೆಲದಲ್ಲಿ ಇಟ್ಟರೂ ಅದು ಎಣ್ಣೆ ಕಡಮೆಯೆಂದು ತಿಳಿಯುತ್ತದೆ. ಸಮತಟ್ಟಾದ ನೆಲಕ್ಕೆ ಸರಿಸಿ, ಕಡ್ಡಿಯಲ್ಲಿ ಮಟ್ಟ ನೋಡಿ. ಎರಡನೆಯದು, 2018ರಿಂದೀಚೆಗೆ ಬಂದ ಅನೇಕ ಜನರೇಟರುಗಳಲ್ಲಿ ವಿಷಾನಿಲವನ್ನು ಗ್ರಹಿಸಿ ಎಂಜಿನ್ನನ್ನು ನಿಲ್ಲಿಸುವ ಸಾಧನವನ್ನೂ ಅಳವಡಿಸಿದ್ದಾರೆ. ನಿಲ್ಲಿಸಿದಾಗ ಅದರ ಪಕ್ಕದಲ್ಲಿ ದೀಪವೊಂದು ಹೊತ್ತುತ್ತದೆ. ಆ ದೀಪ ಕಂಡಾಗ ಪ್ಲಗ್ಗನ್ನೂ ಕಾರ್ಬುರೇಟರನ್ನೂ ಮುಟ್ಟುವ ಅಗತ್ಯವಿಲ್ಲ. ಮೊದಲು ಅಲ್ಲಿಂದ ಎಲ್ಲರೂ ಗಾಳಿಯಾಡುವ ಕಡೆಗೆ ಹೋಗಬೇಕು, ಯಾರಿಗಾದರೂ ತಲೆ ಸುತ್ತುತ್ತಿದ್ದರೆ 911ಕ್ಕೆ ಕರೆಮಾಡಬೇಕು, ಆಮೇಲೆ ಯಂತ್ರವನ್ನು ಬಯಲಿಗೆ ಒಯ್ಯಬೇಕು. ಮಂಜು ಕಟ್ಟಿ ನಿಲ್ಲುವ ಎಂಜಿನ್ನನ್ನಾದರೋ ಹತ್ತು ನಿಮಿಷ ಹಾಗೆಯೇ ಬಿಟ್ಟರೆ ಅದರದೇ ಶಾಖಕ್ಕೆ ಮಂಜು ಕರಗಿ ಮತ್ತೆ ಚಾಲೂ ಆಗುತ್ತದೆ. ಗಾಳಿಗೆ ಅಡ್ಡವಾಗಿ, ಮೂರು ಕಡೆ ತೆರೆದಂತೆ, ದೂರದಲ್ಲೊಂದು ಮರೆ ಕಟ್ಟಬಹುದು.

ಬಿಡಿಭಾಗ ಕೊಳ್ಳುವವರಿಗೆ ಒಂದು ಮಾತು. ಮೋವರಿನ ಹೆಸರಿಗಿಂತ ಎಂಜಿನ್ನಿನ ಸಂಖ್ಯೆ ಮುಖ್ಯ. 1908ರಲ್ಲಿ ಮಿಲ್ವಾಕಿಯಲ್ಲಿ ಆರಂಭವಾದ ಬ್ರಿಗ್ಸ್ ಅಂಡ್ ಸ್ಟ್ರಾಟನ್ ಕಂಪನಿಯ ಎಂಜಿನ್ನುಗಳು ಹತ್ತಾರು ಹೆಸರಿನ ಮೋವರುಗಳ ಮೇಲೆ ಕುಳಿತಿವೆ. ಅವುಗಳ ಮೇಲ್ಹೊದಿಕೆಯಲ್ಲಿ ಒತ್ತಿರುವ ಮೂರು ಸಂಖ್ಯೆಗಳಲ್ಲಿ ಕೊನೆಯದರ ಮೊದಲ ಆರು ಅಂಕಿಗಳು ಅದು ತಯಾರಾದ ವರ್ಷ, ತಿಂಗಳು, ದಿನವನ್ನು ಹೇಳುತ್ತವೆ. ಹಳೆಯ ಮೋವರ್ ಕೊಳ್ಳುವಾಗ ಮಾರುವವರ ಮಾತಿಗಿಂತ ಈ ಜಾತಕವನ್ನು ನೋಡುವುದು ಒಳ್ಳೆಯದು.

ಸಭೆಯಲ್ಲಿ ಎರಡು ಪ್ರಶ್ನೆಗಳು ಬಂದವು. ಅಂಗಳದಂಚಿನ ಹುಲ್ಲು ಕತ್ತರಿಸುವ ಕೈಯಂತ್ರಕ್ಕೂ ಇದೇ ಪೆಟ್ರೋಲು ಹಾಕಬಹುದೆ ಎಂದು ಒಬ್ಬ ಸಹೋದರಿ ಕೇಳಿದರು. ಅವುಗಳಲ್ಲಿ ಅನೇಕವು ಇಂದಿಗೂ ಚೇತಕ್ಕಿನ ವಂಶದವು, ಎರಡು ಹೊಡೆತದವು. ಅವುಗಳ ಪೆಟ್ರೋಲಿಗೆ ಎಣ್ಣೆ ಬೆರೆಸಲೇಬೇಕು. 50ಕ್ಕೆ 1ರ ಅಳತೆ ಹೇಳಿದ್ದರೆ ಒಂದು ಗ್ಯಾಲನ್ನಿಗೆ 2.6 ಔನ್ಸು. ಎಣ್ಣೆಯಿಲ್ಲದೆ ಓಡಿಸಿದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಎಂಜಿನ್ನು ನಿಲ್ಲುತ್ತದೆ, ಆ ನಿಲುಗಡೆಗೆ ಔಷಧವಿಲ್ಲ. ಹಳಸಿದ ಪೆಟ್ರೋಲನ್ನು ಏನು ಮಾಡುವುದೆಂದು ಮತ್ತೊಬ್ಬರು ಕೇಳಿದರು. ಚರಂಡಿಗೋ ಹಿತ್ತಲಿಗೋ ಸುರಿಯುವಂತಿಲ್ಲ. ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಕೌಂಟಿಯವರು ಅಪಾಯಕಾರಿ ತ್ಯಾಜ್ಯವನ್ನು ಸ್ವೀಕರಿಸುವ ದಿನ ಒಯ್ದು ಕೊಡಬೇಕು. ಈ ವರ್ಷ ಋತುವಿನ ಕೊನೆಯ ಹುಲ್ಲು ಕತ್ತರಿಸಿದ ದಿನ ಟ್ಯಾಂಕನ್ನು ಬರಿದುಮಾಡಿ, ಎಂಜಿನ್ನು ತಾನಾಗಿ ನಿಲ್ಲುವವರೆಗೆ ಬಯಲಿನಲ್ಲಿ ಓಡಿಸಿ. ಇಲ್ಲವೆ ಹೊಸ ಪೆಟ್ರೋಲಿಗೆ ಕೆಡದಂತೆ ತಡೆಯುವ ದ್ರವವನ್ನು ಬೆರೆಸಿ, ಅದು ಕಾರ್ಬುರೇಟರಿಗೆ ಇಳಿಯುವಂತೆ ಹತ್ತು ನಿಮಿಷ ಓಡಿಸಿ ಒಳಗಿಡಿ.